ಅಕ್ಕಾರ, ಈಗ ಏನ್ ಓದಾಕತ್ತೀರಿ?

ಭಾನುವಾರ ಆರಾಧನೆ ಮುಗಿದು ಚಹಾದ ಲೋಟ ಕೈಗೆ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕಾರ, ಈಗ ಏನ್ ಓದಾಕತ್ತೀರಿ? ಫೋನಿನ್ಯಾಗ ಏನ್ ಕೇಳ್ತೀರಿ?" ಪುಣೆಯ ನಮ್ಮ ಸಣ್ಣ ಕನ್ನಡ ಸಭೆಯಲ್ಲಿ ಹುಬ್ಬಳ್ಳಿ, ಧಾರವಾಡ, ಬೆಟಗೇರಿ, ಬೀದರ ಕಡೆಯಿಂದ ಬಂದು ನೆಲೆಸಿದವರೇ ಹೆಚ್ಚು. ಅವರ ಮಕ್ಕಳು "ಆಂಟಿ, ಒಂದು ಲಿಸ್ಟ್ ಕಳಿಸಿ" ಅನ್ನುತ್ತಾರೆ. ಕನ್ನಡ ಬಳಗದ ಗೆಳತಿಯರ ಪ್ರಶ್ನೆ ಇನ್ನೊಂದು ಬಗೆಯದು: "ನೀವು ಬೈಬಲ್ ಬಿಟ್ಟು ಬೇರೆ ಓದಬಹುದೇನ್ರೀ?" ನಿಂತಲ್ಲೇ ಎರಡು ಪುಸ್ತಕದ ಹೆಸರು ಹೇಳಿ ಬಂದ ದಿನ ಮನೆಗೆ ಬಂದ ಮೇಲೆ ಏನೋ ಉಳಿದುಹೋಯಿತು ಅನ್ನಿಸುತ್ತದೆ. ಆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಹಡಪ್ಸರದಲ್ಲಿ. ಯೆವತ್ ಹತ್ತಿರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದೌಂಡ್ ಕಡೆಯ ಲೋಕಲ್ಲಿನಲ್ಲಿ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ, ಓದೆಲ್ಲ ಅಲ್ಲಿಯೇ. ಕೇಳುವುದು ಮನೆಯಲ್ಲಿ, ರಾತ್ರಿ ಊಟವಾದ ಮೇಲೆ, ಅವ್ವನ ಜೊತೆ. ಅವ್ವನಿಗೆ ಈಗ 81. ಕಣ್ಣಿನ ನರ ಸೋತು ಅಕ್ಷರ ಕಾಣುವುದು ನಿಂತು ಮೂರು ವರ್ಷವಾಯಿತು. ಬೆಟಗೇರಿಯಲ್ಲಿ ನಾವು ಸಣ್ಣವರಿದ್ದಾಗ ದಿನಾ ಸಂಜೆ ದೀಪದ ಮುಂದೆ ನಮಗೆ ಸತ್ಯವೇದ ಓದಿ ಹೇಳಿದವಳು ಅವಳು. ಈಗ ನಾನು ಅವಳಿಗೆ ಓದಬೇಕು. ನನ್ನ ಗಂಟಲು ಕಟ್ಟಿದ ದಿನ ಫೋನು ಓದುತ್ತದೆ.

ಆ ಫೋನಿನಿಂದಲೇ ಒಂದು ಸಂಗತಿ ಶುರುವಾಯಿತು. ಫೋನಿನಲ್ಲಿರುವುದು ಹೊಸ ಅನುವಾದ. ಸರಳವಾಗಿದೆ, ಇಂದಿನ ಮಕ್ಕಳಿಗೆ ತಿಳಿಯುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ರಾತ್ರಿ 23ನೇ ಕೀರ್ತನೆ ಬಂದಾಗ ಅವ್ವ ಕೈ ಎತ್ತಿ ನಿಲ್ಲಿಸಿದಳು. "ಅದು ಹಂಗಲ್ಲ." ಆಮೇಲೆ ತಾನೇ ಹೇಳಿದಳು, ಹಳೆಯ ಸತ್ಯವೇದದಲ್ಲಿ ಇದ್ದ ಹಾಗೆ: "ಯೆಹೋವನು ನನಗೆ ಕುರುಬನು, ಕೊರತೆಪಡೆನು."

ಈ ಮಾತನ್ನು ನಾನು ಬಾಯಲ್ಲಿ ಆಡದೆ ಬಹಳ ದಿನವಾಗಿತ್ತು. ನನ್ನ ಯಜಮಾನರು ತೀರಿಕೊಂಡು ಐದು ವರ್ಷ. ಅವರ ಮಣ್ಣಿನ ದಿನ ಸಭಾಪಾಲಕರು ಓದಿದ್ದೂ ಇದನ್ನೇ. ಅಂದಿನಿಂದ ಆ ಮೊದಲ ವಚನ ಬಂದಾಗ ತುಟಿ ಮುಚ್ಚಿಕೊಳ್ಳುತ್ತಿದ್ದೆ. ಕೊರತೆ ಕಣ್ಣ ಮುಂದೆ ಇರುವಾಗ ಕೊರತೆ ಇಲ್ಲ ಎಂದು ದೇವರ ಮುಂದೆ ಸುಳ್ಳು ಹೇಳುವುದು ಹೇಗೆ?

ಅವ್ವ ಅಂದು ಹೇಳಿದ ರೀತಿ ಕೇಳಿ ಆ ಪದವೇ ಬೇರೆ ಎಂದು ಕಿವಿಗೆ ತಾಗಿತು. ಅಲ್ಲಿ "ಇಲ್ಲ" ಎಂಬುದೇ ಇಲ್ಲ. "ಪಡೆನು" ಅನ್ನುವ ಕ್ರಿಯಾಪದದ ಒಳಗೇ ನಿರಾಕರಣೆ ಕೂತಿದೆ. ಮುಂದೆ "ಕೇಡಿಗೆ ಹೆದರೆನು" ಎಂಬಲ್ಲಿಯೂ ಹಾಗೆಯೇ. ಇದು ಕನ್ನಡದ ಹಳೆಯ ನಿಷೇಧ ರೂಪ. ಪೂರ್ತಿ ಸತ್ತಿಲ್ಲ, ನಮ್ಮ ಕಡೆ ಊಟಕ್ಕೆ ಕೂತ ಮಗು ದಿನಕ್ಕೆ ಹತ್ತು ಸಲ "ಒಲ್ಲೆ" ಅನ್ನುತ್ತದೆ, ಮುದುಕರು "ನಾ ಅರಿಯೆ", "ನಾ ಕಾಣೆ" ಅನ್ನುತ್ತಾರೆ. ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟು (1894) ಎಲ್ಲರಿಗೂ ಗೊತ್ತು. ಅವರು ತೀರಿಕೊಂಡ 1903ರಲ್ಲೇ ಅವರ ದೊಡ್ಡ ಕನ್ನಡ ವ್ಯಾಕರಣವೂ ಹೊರಬಂತು. ಈ ವರ್ಷ ನಾನು ರೈಲಿನಲ್ಲಿ ಹೆಚ್ಚು ತಿರುವಿ ಹಾಕಿದ್ದು ಅದನ್ನೇ. ವ್ಯಾಕರಣ ಓದುವುದು ಭಕ್ತಿಯ ಓದೇ ಎಂದು ನಮ್ಮ ಸಭೆಯ ಹಿರಿಯರೊಬ್ಬರು ಕೇಳಿದರು. ನನಗೆ ಆಗಿದೆ. ಈ ನಿಷೇಧ ರೂಪಕ್ಕೆ ಕಾಲವಿಲ್ಲ. "ಮಾಡೆನು" ಅಂದರೆ ಮಾಡಲಿಲ್ಲವೂ ಹೌದು, ಮಾಡುವುದಿಲ್ಲವೂ ಹೌದು, ಮುಂದೆ ಮಾಡೆನು ಎಂಬುದೂ ಹೌದು. ಯಾವುದೆಂದು ಸಂದರ್ಭ ಹೇಳಬೇಕು. ಇಂಗ್ಲಿಷ್ ಬೈಬಲಿನಲ್ಲಿ ಈ ಮಾತು ಭವಿಷ್ಯತ್ತಿನದು. ನಮ್ಮ ಪಕ್ಕದ ಮನೆಯ ಮರಾಠಿ ಬೈಬಲಿನಲ್ಲಿಯೂ "ಉಣೆ ಪಡಣಾರ್ ನಾಹಿ", ಮುಂದೆ ಕಡಿಮೆ ಬೀಳಲಾರದು. ಕನ್ನಡದ "ಕೊರತೆಪಡೆನು" ನಿನ್ನೆಯನ್ನೂ ಹಿಡಿಯುತ್ತದೆ. ಆಸ್ಪತ್ರೆಯ ಆ ಹದಿನೇಳು ರಾತ್ರಿಗಳನ್ನೂ ಹಿಡಿಯುತ್ತದೆ. ನನ್ನ ಹತ್ತಿರ ಎಲ್ಲವೂ ಇತ್ತು ಎಂದು ಆ ಪದ ಹೇಳುತ್ತಿಲ್ಲ. ಕುರುಬನಿದ್ದಾನೆ, ಆದ್ದರಿಂದ ಕೊರತೆಯ ಕೈಗೆ ನಾನು ಬೀಳೆನು, ಯಾವ ಕಾಲಕ್ಕೂ. ಇದು ತಿಳಿದ ದಿನ ಲೋಣಿ ಸ್ಟೇಷನ್ ದಾಟುವಾಗ ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿ ಕೂತೆ. ಮಾತಾಡುವ ಹಾಗಿರಲಿಲ್ಲ. ಆ ರಾತ್ರಿ ಅವ್ವನ ಜೊತೆ ನಾನೂ ಬಾಯಿಬಿಟ್ಟು ಹೇಳಿದೆ.

ಈ ಪದವನ್ನು ಆರಿಸಿದ ಕೈ ಯಾವುದು? ಒಂದೇ ಕೈಯಲ್ಲ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಶುರುಮಾಡಿದ ಕೆಲಸ ಇಡೀ ಸತ್ಯವೇದವಾಗಿ ಮುಗಿದದ್ದು 1831ರಲ್ಲಿ. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಸೇರಿ ತಿದ್ದಿದರು, ಮತ್ತೆ ತಿದ್ದಿದರು. ಅವರ ಪಕ್ಕದಲ್ಲಿ ಕೂತು "ಹಂಗಲ್ಲ, ಹಿಂಗ" ಎಂದು ಹೇಳಿದ ಕನ್ನಡದ ಮುನ್ಷಿಗಳ, ಅಂದರೆ ಭಾಷೆ ಕಲಿಸುವವರ, ಹೆಸರು ಮುಖಪುಟದಲ್ಲಿ ಇರುವುದಿಲ್ಲ. ನಮ್ಮ ಪ್ರಾರ್ಥನೆಯ ಮಾತು ಅವರ ಬಾಯಿಂದ ಬಂದದ್ದು. ದೇವರ ಮಾತು ನಮ್ಮ ಮಾತಾದದ್ದು ಹೇಗೆ ಎಂಬುದೇ ಈಗ ನನ್ನ ಎಲ್ಲ ಓದಿನ ಹಿಂದಿರುವ ಹಸಿವು. ಇದೊಂದನ್ನು ಹೇಳಿದರೆ ಮಿಕ್ಕ ಹೆಸರುಗಳು ಯಾಕೆ ಬಂದವು ಎಂದು ನಿಮಗೆ ತಿಳಿಯುತ್ತದೆ.

ಬೈಬಲ್ ಬಿಟ್ಟು ಬೇರೆ ಓದಬಹುದೇ ಎಂದು ಕೇಳುವವರಿಗೆ ನಾನು ಉತ್ತಂಗಿ ಚನ್ನಪ್ಪನವರ ಹೆಸರು ಹೇಳುತ್ತೇನೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಶನ್ನಿನ ಪಾದ್ರಿಗಳು. ಇವತ್ತು ಕನ್ನಡಿಗರೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡುವ ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಹಾಕಿ, ಪಾಠ ಹೋಲಿಸಿ, 1924ರಲ್ಲಿ ಅಚ್ಚು ಮಾಡಿಸಿದವರು ಈ ಪಾದ್ರಿ. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ವಾದ ಎದ್ದಾಗ ಇತ್ತು ಎಂದು ಆಧಾರ ಕೊಟ್ಟು ಪುಸ್ತಕ ಬರೆದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಅವರ ಸರ್ವಜ್ಞ ನನ್ನ ತಲೆದಿಂಬಿನ ಪಕ್ಕದಲ್ಲಿ ಇರುತ್ತದೆ. ದಿನಕ್ಕೆ ಒಂದು ಪುಟ, ಹೆಚ್ಚಿಲ್ಲ. ಅದರಿಂದ ನನ್ನ ವಿಶ್ವಾಸಕ್ಕೆ ಏನೂ ತೊಂದರೆಯಾಗಿಲ್ಲ. ಕ್ರಿಸ್ತನನ್ನು ಪ್ರೀತಿಸಿದ ಮನುಷ್ಯನೊಬ್ಬ ತನ್ನ ಊರಿನ ಮಾತನ್ನು ಎಷ್ಟು ಪ್ರೀತಿಸಿದ ಎಂದು ನೋಡಿದಾಗ ನನ್ನ ಬೆನ್ನು ನೆಟ್ಟಗಾಗುತ್ತದೆ.

ಆ ಕಡೆಯಿಂದಲೂ ಪ್ರೀತಿ ಬಂದಿದೆ. ಮಂಜೇಶ್ವರದ ಗೋವಿಂದ ಪೈಗಳ "ಗೊಲ್ಗೊಥಾ" ಗೊತ್ತಿಲ್ಲದ ಕನ್ನಡ ಕ್ರೈಸ್ತರು ಎಷ್ಟೋ ಮಂದಿ ಇದ್ದಾರೆ, ಅದು ನನಗೆ ನಿಜವಾಗಿ ನೋವಿನ ಸಂಗತಿ. ಯೇಸುವಿನ ಕೊನೆಯ ದಿನದ ಮೇಲೆ ಸಾರಸ್ವತ ಮನೆತನದ ಕವಿ ಬರೆದ ಖಂಡಕಾವ್ಯ. ಭಾಷೆ ಬಿಗಿ, ಮೊದಲ ಸಲ ತಡವರಿಸುತ್ತದೆ. ಗಟ್ಟಿಯಾಗಿ ಓದಿದರೆ ದಾರಿ ಬಿಡುತ್ತದೆ. ಕಳೆದ ಮೂರು ವರ್ಷದಿಂದ ಶುಭ ಶುಕ್ರವಾರ ಮಧ್ಯಾಹ್ನದ ಆರಾಧನೆ ಮುಗಿಸಿ ಬಂದು ಅವ್ವನಿಗೆ ಇದನ್ನು ಓದುತ್ತೇನೆ. ಮೊದಲ ವರ್ಷ ಅವಳು ಕೇಳಿದ್ದು ಒಂದೇ ಮಾತು: "ನಮ್ಮವರಲ್ಲದಿದ್ದರೂ ಇಷ್ಟು ಹತ್ತಿರ ನಿಂತು ನೋಡ್ಯಾರಲ್ಲ?"

ಇನ್ನು ರೈಲಿನ ಇನ್ನೊಂದು ಪುಸ್ತಕ. ನಾನಿಳಿಯುವ ಯೆವತ್ತಿನಿಂದ ಸ್ವಲ್ಪ ಮುಂದೆ ಕೇಡಗಾಂವ್. ಅಲ್ಲಿ ಪಂಡಿತಾ ರಮಾಬಾಯಿ ನಿರ್ಗತಿಕ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಆಸರೆಮನೆ ಮುಕ್ತಿ ಸದನ ಇವತ್ತೂ ಇದೆ. ಪುಣೆಯವರು ಆಕೆಯನ್ನು ತಮ್ಮವಳೆನ್ನುತ್ತಾರೆ, ಸರಿ. ಆದರೆ ಆಕೆ ಹುಟ್ಟಿದ್ದು 1858ರಲ್ಲಿ ನಮ್ಮ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಆ ಶಾಸ್ತ್ರಿಗಳು ಪುಣೆಗೆ ಓದಲು ಬಂದಿದ್ದಾಗ ತಮ್ಮ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡರು. ಹೆಣ್ಣು ಓದಬಲ್ಲಳು ಎಂಬುದು ಮನಸ್ಸಿಗೆ ನಾಟಿತು. ಊರಿಗೆ ಹೋಗಿ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು, ಅದಕ್ಕಾಗಿ ಊರವರ ವಿರೋಧ ಕಟ್ಟಿಕೊಂಡು ಕಾಡಿನಲ್ಲಿ ಮನೆ ಮಾಡಿದರು. ಪುಣೆಯಲ್ಲಿ ಕಂಡ ಒಂದು ನೋಟ ಗಂಗಾಮೂಲಕ್ಕೆ ಹೋಗಿ ರಮಾಬಾಯಿಯಾಗಿ ಪುಣೆಗೆ ವಾಪಸು ಬಂತು. ಆರು ತಿಂಗಳ ಕೂಸಿದ್ದಾಗ ತನ್ನನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಘಟ್ಟದಿಂದ ಇಳಿಸಿದರು, ಅಲ್ಲಿಗೆ ತನ್ನ ಯಾತ್ರೆ ಶುರುವಾಯಿತು ಎಂದು ಆಕೆ ಬರೆಯುತ್ತಾಳೆ.

ನಾನು ಓದುತ್ತಿರುವುದು 1907ರಲ್ಲಿ ಆಕೆ ಇಂಗ್ಲಿಷಿನಲ್ಲಿ ಬರೆದ ಸಾಕ್ಷಿಯ ಸಣ್ಣ ಪುಸ್ತಕ. ಕಲ್ಕತ್ತೆಯಲ್ಲಿ ಮೊದಲ ಸಲ ಕ್ರೈಸ್ತರ ಕೂಟಕ್ಕೆ ಹೋದಾಗ, ಜನ ಕುರ್ಚಿಗಳ ಮುಂದೆ ಮೊಣಕಾಲೂರಿದ್ದನ್ನು ನೋಡಿ ಇವರು ಕುರ್ಚಿಗೆ ಪೂಜೆ ಮಾಡುತ್ತಾರೆ ಅಂದುಕೊಂಡಳಂತೆ. ಹಸಿವಿನಿಂದ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡ ಬರಗಾಲದ ಪುಟಗಳನ್ನು ಒಂದೇ ಸಲಕ್ಕೆ ಓದಲಾಗಲಿಲ್ಲ. ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಇನ್ನೊಂದು ಜಾಗ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಗಿ ಎಂಟು ವರ್ಷದ ನಂತರ ಆಕೆಗೆ ಗೊತ್ತಾಯಿತಂತೆ: ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಸಿಕ್ಕಿಲ್ಲ. ಅಷ್ಟು ಹೊತ್ತಿಗೆ ಆಕೆ ಪುಣೆಯಲ್ಲಿದ್ದಳು, ವಿಧವೆಯರ ಶಾಲೆ ಶಾರದಾ ಸದನ ನಡೆಸುತ್ತಿದ್ದಳು, ಜಗತ್ತು ಹೊಗಳುತ್ತಿತ್ತು. ಹುಟ್ಟಿನಿಂದ ಸಭೆಯಲ್ಲಿ ಬೆಳೆದ ನಮ್ಮಂಥವರು ಈ ಪುಟವನ್ನು ವರ್ಷಕ್ಕೊಮ್ಮೆ ಓದಬೇಕು.

ಆಮೇಲೆ ಆಕೆ ಮಾಡಿದ್ದು ನೋಡಿ. ಹೀಬ್ರು ಕಲಿತಳು, ಗ್ರೀಕ್ ಕಲಿತಳು. ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಮೂಲದಿಂದ ಅನುವಾದ ಮಾಡಿದಳು. ದೊಡ್ಡ ಸಂಸ್ಕೃತ ಪಂಡಿತೆ ತನ್ನ ಸಂಸ್ಕೃತವನ್ನು ಬೇಕೆಂದೇ ಪಕ್ಕಕ್ಕಿಟ್ಟಳು. ಕೇಡಗಾಂವಿನ ಹೆಣ್ಣುಮಕ್ಕಳೇ ಮೊಳೆ ಜೋಡಿಸಿ ತಮ್ಮದೇ ಮುದ್ರಣಾಲಯದಲ್ಲಿ ಅಚ್ಚು ಮಾಡಿದರು. 1922ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು, ಪುಸ್ತಕ 1924ರಲ್ಲಿ ಹೊರಬಂತು; ಅದೇ ವರ್ಷ ಉತ್ತಂಗಿಯವರ ಸರ್ವಜ್ಞ. ಈ ಎರಡು ಪುಸ್ತಕಗಳನ್ನು ಒಂದೇ ವರ್ಷದವೆಂದು ಯಾರೂ ಜೊತೆಗಿಟ್ಟು ನೋಡಿದಂತಿಲ್ಲ. ನನ್ನ ಕಪಾಟಿನಲ್ಲಿ ಇಟ್ಟಿದ್ದೇನೆ.

ಮರಾಠಿ ಓದಲು ಪ್ರೀತಿ ಹುಟ್ಟಿಸಿದ್ದು ಪಕ್ಕದ ಮನೆಯ ಮಾವಶಿ. ಅವರು ಮರಾಠಿ ಕ್ರೈಸ್ತರು, ಅಹಮದನಗರದ ಕಡೆಯವರು. ಒಂದು ದಿನ ಲಕ್ಷ್ಮೀಬಾಯಿ ಟಿಳಕರ "ಸ್ಮೃತಿಚಿತ್ರೆ" ತಂದುಕೊಟ್ಟು "ಓದದೆ ವಾಪಸು ಕೊಡಬೇಡ" ಅಂದರು. ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದಾಗ ಹೆಂಡತಿ ಜೊತೆಗೆ ಹೋಗಲಿಲ್ಲ. ವರ್ಷಗಟ್ಟಲೆ ದೂರ ಉಳಿದು, ಮಡಿ ಪಾಲಿಸಿ, ಅತ್ತು, ಕೊನೆಗೆ ತನ್ನದೇ ಕಾಲ ಮೇಲೆ ತನ್ನದೇ ದಾರಿಯಲ್ಲಿ ನಡೆದು 1900ರಲ್ಲಿ ದೀಕ್ಷಾಸ್ನಾನ ಪಡೆದರು. ಶಾಲೆಗೆ ಹೋಗದ ಹೆಣ್ಣುಮಗಳು. ಬರೆದದ್ದು ಮಾತ್ರ ನಮ್ಮ ಅಂಗಳದಲ್ಲಿ ಕೂತು ಹೇಳಿದ ಹಾಗಿದೆ. ಒಂದು ಪುಟದಲ್ಲಿ ನಗಿಸಿ ಮುಂದಿನ ಪುಟದಲ್ಲಿ ಎದೆ ಹಿಂಡುತ್ತಾರೆ. ಟಿಳಕರು 1919ರಲ್ಲಿ ಅರ್ಧಕ್ಕೇ ಬಿಟ್ಟುಹೋದ "ಕ್ರಿಸ್ತಾಯನ" ಮಹಾಕಾವ್ಯವನ್ನು ಮುಂದುವರಿಸಿದ್ದೂ ಈಕೆಯೇ. ಗಂಡ ಬಿಟ್ಟುಹೋದ ಸಾಲನ್ನು ಹೆಂಡತಿ ಎತ್ತಿಕೊಂಡು ಬರೆದದ್ದು ನನಗೆ ಬರೀ ಸಾಹಿತ್ಯದ ಸುದ್ದಿಯಲ್ಲ.

ಟಿಳಕರ ಹಾಡುಗಳನ್ನು ಮಾವಶಿಯಿಂದಲೇ ಕೇಳುತ್ತೇನೆ. ಸಂಜೆ ಸೊಪ್ಪು ಬಿಡಿಸುತ್ತ ಅವರು ಹಾಡುವುದನ್ನು ಯಾವ ರೆಕಾರ್ಡಿಂಗೂ ಮೀರಿಸಲಾರದು. ಎಲ್ಲ ಅಭಂಗ, ಓವಿ ಎಂಬ ಮರಾಠಿ ಪದ್ಯಗಳ ಧಾಟಿ. ತುಕಾರಾಮ ಕಟ್ಟಿದ ಸೇತುವೆ ದಾಟಿಯೇ ತಾನು ಕ್ರಿಸ್ತನ ಬಳಿಗೆ ಬಂದೆ ಎಂದು ಟಿಳಕರು ಹೇಳುತ್ತಿದ್ದರಂತೆ. ಆಷಾಢದಲ್ಲಿ ತುಕಾರಾಮರ ಪಾಲಖಿ, ಪಂಢರಪುರಕ್ಕೆ ಹೋಗುವ ಪಲ್ಲಕ್ಕಿ ಯಾತ್ರೆ, ನಮ್ಮ ಹಡಪ್ಸರದಿಂದ ಲೋಣಿ ಕಾಳಭೋರ, ಯೆವತ್ ಹಿಡಿದು ಹೋಗುತ್ತದೆ, ನಾನು ದಿನಾ ಹೋಗುವ ದಾರಿಯಲ್ಲೇ. ರಸ್ತೆ ಬದಿಯಲ್ಲಿ ನಿಂತು ಆ ಯಾತ್ರೆಯ ವಾರಕರಿ ಭಕ್ತರಿಗೆ ನೀರು ಕೊಡುವಾಗ ಟಾಳದ ಸದ್ದಿನಲ್ಲಿ ನಮ್ಮ ಮಾವಶಿಯ ಹಾಡಿನ ನಡಿಗೆ ಗುರುತು ಸಿಕ್ಕಿತು. ಜ್ಞಾನೇಶ್ವರರು ವಿಠ್ಠಲನನ್ನೇ ಕನ್ನಡಿಗ ಎಂದು ಹಾಡಿದ ಊರುಗಳಿವು; ಇಲ್ಲಿ ಮಾತಿಗೂ ಭಕ್ತಿಗೂ ಗಡಿ ಹಾಕುವುದು ಸುಲಭವಲ್ಲ.

ಗೋವೆಯ ಫಾದರ್ ಥಾಮಸ್ ಸ್ಟೀಫನ್ಸ್ ಇದನ್ನು ಟಿಳಕರಿಗಿಂತ ಮೂರು ಶತಮಾನ ಮೊದಲೇ ಮಾಡಿದ್ದರು: 1616ರ "ಕ್ರಿಸ್ತಪುರಾಣ", ಓವಿಯ ಧಾಟಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಪದ್ಯ. 1907ರಲ್ಲಿ ಅದನ್ನು ಮತ್ತೆ ಅಚ್ಚು ಮಾಡಿದ್ದು ನಮ್ಮ ಮಂಗಳೂರಿನಲ್ಲಿ. ಹಳೆಯ ಮರಾಠಿ ನನಗೆ ನಿಧಾನ. ರಜೆಯ ದಿನ ಹತ್ತು ಪದ್ಯ ಓದುತ್ತೇನೆ.

ಕೇಳುವುದರಲ್ಲಿ ಇನ್ನೊಂದು ಹೇಳಲೇಬೇಕು: ಯೇಸುವಿನ ಯಾತನೆ, ಮರಣವನ್ನು ಹಾಡಾಗಿಸಿದ ಜರ್ಮನ್ ಸಂಗೀತಗಾರ ಬಾಖ್‌ನ "ಸಂತ ಮತ್ತಾಯನ ಪ್ಯಾಷನ್". 1727ರ ಶುಭ ಶುಕ್ರವಾರ ಲೈಪ್‌ಜಿಗ್‌ನಲ್ಲಿ ಮೊದಲು ಹಾಡಿದ್ದು. ಎರಡೂವರೆ ಗಂಟೆಗೂ ಹೆಚ್ಚು, ಜರ್ಮನ್ ನನಗೆ ಬಾರದು. ಮತ್ತಾಯನ 26, 27ನೇ ಅಧ್ಯಾಯವನ್ನು ಕನ್ನಡದಲ್ಲಿ ತೊಡೆಯ ಮೇಲೆ ತೆರೆದಿಟ್ಟುಕೊಂಡು ಕೇಳುತ್ತೇನೆ. ಅದರಲ್ಲಿ ಒಂದು ರಾಗ ಐದು ಸಲ ಮರಳಿ ಬರುತ್ತದೆ. ಮೊದಲ ಸಲ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅವ್ವ ತಲೆ ಎತ್ತಿದಳು. "ಇದು ನಮ್ಮ ಹಾಡಲ್ಲ?" ಎಂದು ಕೇಳಿ, ಬೆಟಗೇರಿಯ ಗುಡಿಯಲ್ಲಿ ಸಂಗೀತ ಪುಸ್ತಕ ಹಿಡಿದು ಹಾಡುತ್ತಿದ್ದ ಕನ್ನಡದ ಮಾತುಗಳನ್ನು ಆ ಜರ್ಮನ್ ಗಾಯಕರ ಮೇಲೆಯೇ ಹಾಡತೊಡಗಿದಳು. ಮುಳ್ಳಿನ ಕಿರೀಟದ ಶಿರಸ್ಸಿನ ಮೇಲೆ ಪಾಲ್ ಗೆರ್‌ಹಾರ್ಟ್ 1656ರಲ್ಲಿ ಬರೆದ ಹಾಡಿನ ರಾಗ ಅದು. ಅದಕ್ಕೂ ಮೊದಲು ಅದು ಹಾಸ್ಲರ್ ಎಂಬಾತನ ಪ್ರೇಮಗೀತೆಯ ರಾಗವಾಗಿತ್ತು. ಬಾಸೆಲ್ ಮಿಶನ್ನಿನವರು ಪೆಟ್ಟಿಗೆಯಲ್ಲಿ ಇಂಥ ರಾಗಗಳನ್ನು ಹೊತ್ತು ತಂದರು, ನಮ್ಮ ಅಜ್ಜ ಅಜ್ಜಿಯರು ಅವಕ್ಕೆ ಕನ್ನಡ ತುಂಬಿ ತಮ್ಮದು ಮಾಡಿಕೊಂಡರು. ಐದನೆಯ ಸಲ ಆ ರಾಗ ಬರುವುದು ಯೇಸು ಪ್ರಾಣಬಿಟ್ಟ ಮರುಕ್ಷಣ. ಅಲ್ಲಿ ಅವ್ವ ಹಾಡಲಿಲ್ಲ. ನಾನೂ ಹಾಡಲಿಲ್ಲ.

ಕೇಳದೆ ಬಿಟ್ಟದ್ದನ್ನೂ ಹೇಳುತ್ತೇನೆ, ಯಾಕೆಂದರೆ ಮಕ್ಕಳು ಅದನ್ನೂ ಕೇಳುತ್ತಾರೆ. ವಾಟ್ಸಾಪಿನಲ್ಲಿ ಬರುವ ಬೋಧನೆಯ ತುಣುಕುಗಳನ್ನು ನಾನು ತೆರೆಯುವುದಿಲ್ಲ. ಯಜಮಾನರು ಐಸಿಯುನಲ್ಲಿದ್ದಾಗ ಯಾರೋ ಒಂದು ಕಳಿಸಿದರು. ವಿಶ್ವಾಸ ಪೂರ್ಣವಾಗಿದ್ದರೆ ರೋಗ ನಿಲ್ಲಲಾರದು ಎಂದು ಬೋಧಕರೊಬ್ಬರು ಕೂಗಿ ಹೇಳುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕೇಳಿದೆ; ಯಜಮಾನರು ಹೋದ ಮೇಲೆ ತಿಂಗಳುಗಟ್ಟಲೆ ನನ್ನ ವಿಶ್ವಾಸದಲ್ಲಿ ಎಲ್ಲಿ ಬಿರುಕಿತ್ತು ಎಂದು ಹುಡುಕಿದೆ. ಕಳಿಸಿದವರಿಗೆ ಒಳ್ಳೆಯ ಮನಸ್ಸೇ ಇತ್ತು, ಅವರ ಮೇಲೆ ಸಿಟ್ಟಿಲ್ಲ. ಆ ಬೋಧನೆ ಸುಳ್ಳು. ತಪ್ಪಿಲ್ಲದೆ ನೋವುಂಡವನ ಕತೆಯಾದ ಬೈಬಲಿನ ಯೋಬನ ಪುಸ್ತಕವನ್ನು ಒಂದು ಸಲ ಪೂರ್ತಿ ಓದಿದವರು ಹಾಗೆ ಹೇಳಲಾರರು. ಕಾಯಿಲೆಯವರ ಮನೆಗೆ ಏನಾದರೂ ಕಳಿಸಬೇಕೆಂದು ನಿಮಗೆ ಅನ್ನಿಸಿದರೆ ಒಂದು ಕೀರ್ತನೆಯನ್ನು ನಿಮ್ಮದೇ ದನಿಯಲ್ಲಿ ಓದಿ ಕಳಿಸಿ. ನಮ್ಮ ಸಭೆಯ ಒಬ್ಬ ಹುಡುಗ ನನಗೆ 130ನೆಯದನ್ನು ಹಾಗೆ ಕಳಿಸಿದ್ದ. ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿತ್ತು, ಎರಡು ಕಡೆ ತೊದಲಿದ್ದ. ಇವತ್ತಿಗೂ ಅಳಿಸಿಲ್ಲ.

ಕಾದಂಬರಿ ಓದುತ್ತೀರಾ ಎಂದರೆ, ಓದುತ್ತೇನೆ. 2025ರ ಜನವರಿಯಲ್ಲಿ ನಾ. ಡಿಸೋಜ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ "ದ್ವೀಪ"ವನ್ನು ಮತ್ತೆ ತೆಗೆದೆ. ಶರಾವತಿಯ ಹಿನ್ನೀರಿನಲ್ಲಿ ಮುಳುಗುವ ಊರಿನ ಕತೆ. ಅದರಲ್ಲಿ ಯೇಸುವಿನ ಹೆಸರು ಹುಡುಕಬೇಡಿ. ನೆಲ ಕಳೆದುಕೊಂಡವರ ಪಕ್ಕದಲ್ಲಿ ಕೊನೆಯವರೆಗೆ ನಿಂತ ಕ್ರೈಸ್ತ ಲೇಖಕನೊಬ್ಬನ ಕಣ್ಣಿದೆ, ನನಗೆ ಅಷ್ಟು ಸಾಕು. ಪುಣೆಯವರಾದ ನಮಗೆ ಮುಳಶಿ ದೂರವಿಲ್ಲ. ಅಣೆಕಟ್ಟಿನ ವಿರುದ್ಧ 1921ರಲ್ಲೇ ಅಲ್ಲಿಯ ರೈತರು ಸತ್ಯಾಗ್ರಹ ಹೂಡಿದ್ದರು. ಭಾನುವಾರದ ಪಿಕ್‌ನಿಕ್‌ಗೆ ಆ ಕೆರೆಗೆ ಹೋಗುವ ನಮ್ಮ ಯುವಕರಿಗೆ ಈ ಪುಸ್ತಕ ಕೊಟ್ಟು ಕಳಿಸಿದ್ದೇನೆ.

ಲಿಸ್ಟ್ ಕೇಳಿದ ಮಕ್ಕಳೇ, ಇಷ್ಟೆಲ್ಲ ಒಟ್ಟಿಗೆ ಓದಬೇಡಿ. ಒಂದು ಕೀರ್ತನೆ ತೆಗೆದುಕೊಳ್ಳಿ, ಮನೆಯಲ್ಲಿ ಅಜ್ಜಿ ಇದ್ದರೆ ಅವರ ಮುಂದೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ. ತಪ್ಪಿದರೆ ಅವರು ತಿದ್ದುತ್ತಾರೆ. ತಿದ್ದಿದ ಆ ಪದವನ್ನು ಬರೆದಿಟ್ಟುಕೊಳ್ಳಿ.

ಅವ್ವ ಮತ್ತು ನಾನು ಈ ತಿಂಗಳು ಯೋಬನ ಪುಸ್ತಕದಲ್ಲಿ ಇದ್ದೇವೆ. ನಿನ್ನೆ ಹದಿನೆಂಟನೇ ಅಧ್ಯಾಯ ಮುಗಿಯಿತು. ತಪ್ಪು ನಿನ್ನದೇ ಎಂದು ಯೋಬನನ್ನೇ ದೂರುವ ಗೆಳೆಯರ ಮಾತು ಕೇಳಿ ಅವ್ವನಿಗೆ ಬೇಸರ ಬಂದು "ಸಾಕು, ನಾಳಿಗೆ ಯೋಬ ಮಾತಾಡ್ಲಿ" ಅಂದಳು. ಈಗ ಕುರ್ಚಿ ಕಿಟಕಿಯ ಹತ್ತಿರ ಎಳೆದುಕೊಂಡು ಕೂತಿದ್ದಾಳೆ. ಹತ್ತೊಂಬತ್ತನೆಯದನ್ನು ಫೋನಿಗೆ ಬಿಡದೆ ನಾನೇ ಓದಬೇಕಂತೆ.